ನೆಯಾಗು 2016ರ ಕಪ್ ಗೆದ್ದಿಲ್ಲ ಸ್ವಾಮಿ

ರುಮೇನಿಯಾದ ಹ್ಯಾಂಡ್‌ಬಾಲ್ ಆಟಗಾರ್ತಿ ಕ್ರಿಸ್ಟಿನಾ ನೆಯಾಗು "2016ರಲ್ಲಿ ಸಿಎಸ್ಎಂ ಬುಕರೆಸ್ಟ್‌ಗೆ ಚಾಂಪಿಯನ್ಸ್ ಲೀಗ್ ಗೆಲ್ಲಿಸಿಕೊಟ್ಳು" ಅಂತ ಒಂದು ಪೋಸ್ಟ್ ಓಡಾಡ್ತಿದೆ (ಬುಕರೆಸ್ಟ್ ಅಂದ್ರೆ ರುಮೇನಿಯಾದ ಕ್ಲಬ್ಬು, ಚಾಂಪಿಯನ್ಸ್ ಲೀಗ್ ಅಂದ್ರೆ ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ), ನಂಗೇ ಮೂರು ಜನ ಕಳ್ಸಿದಾರೆ. ಅದು ತಪ್ಪು. ಬುಕರೆಸ್ಟ್ ಆ ವರ್ಷ ಗೆದ್ದಿದ್ದು ನಿಜ, ಫೈನಲ್ಲು ಟೈ ಆಗಿ ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಹಂಗೇರಿಯ ಗ್ಯೋರ್ ಟೀಮನ್ನ ಸೋಲಿಸಿದ್ರು, ಆದ್ರೆ ನೆಯಾಗು ಆ ಟೀಮಲ್ಲೇ ಇರ್ಲಿಲ್ಲ, ಅವಳು ಆಗ ಮಾಂಟೆನೆಗ್ರೋದ ಬುದುಚ್ನೋಸ್ಟ್ ಕ್ಲಬ್ಬಲ್ಲಿ ಆಡ್ತಿದ್ಳು, ಬುಕರೆಸ್ಟ್‌ಗೆ ಬಂದಿದ್ದೇ 2017ರಲ್ಲಿ. ಅವಳು ಕಪ್ ಎತ್ತಿದ್ದು ಬುಕರೆಸ್ಟ್ ಗೆದ್ದಿದ್ದಕ್ಕಿಂತ ಒಂದು ವರ್ಷ ಹಿಂದೆ, 2015ರಲ್ಲಿ, ಬುದುಚ್ನೋಸ್ಟ್ ಜೊತೆ, ನಾರ್ವೆಯ ಲಾರ್ವಿಕ್ ಎದುರು 26-22.

ಇನ್ನೊಂದು, "ಸತತ ನಾಲ್ಕು ಸಲ ವಿಶ್ವದ ಬೆಸ್ಟ್ ಪ್ಲೇಯರ್" ಅನ್ನೋದು. ನಾಲ್ಕು ಸಲ ಸರಿ, ಸತತ ಅಲ್ಲ: 2010, 2015, 2016, 2018. ನಡುವಿನ ಆ ಐದು ವರ್ಷದ ಗ್ಯಾಪಲ್ಲಿ ಭುಜದ ಆಪರೇಶನ್ನು, ಮೊಣಕಾಲಿನ ಗಾಯ ಎಲ್ಲಾ ಆಗಿತ್ತು, ಎಸೆಯೋ ಕೈಯ ಭುಜ ಹೋದ್ರೆ ಲೆಫ್ಟ್ ಬ್ಯಾಕ್ (ದೂರದಿಂದ ಗೋಲಿಗೆ ಜೋರಾಗಿ ಎಸೆಯೋ ಜಾಗ) ಆಡೋರ ಕಥೆ ಮುಗೀತು ಅಂತಾನೇ ಎಲ್ರೂ ಅಂದ್ಕೊಳ್ಳೋದು. ಅಂಥದ್ರಿಂದ ಎದ್ದು ಬಂದಿದ್ದೇ ದೊಡ್ಡದು ನನ್ ಪ್ರಕಾರ, ಅದನ್ನೇ ಪೋಸ್ಟಲ್ಲಿ ಬಿಟ್ಟಿದಾರೆ ನೋಡಿ.