ಮೊದಲು ಕೂತು ಲೆಕ್ಕ ಹಾಕು ಅಂದವರ ಶಿಷ್ಯರು ನಾವು

ತನ್ನ ಹಿಂದೆ ಜನ ಜಾಸ್ತಿ ಸೇರಿದರೆ ಯಾವ ಮುಖಂಡನಿಗಾದರೂ ಖುಷಿ. ಯೇಸುಸ್ವಾಮಿ ಅಂಥ ಹೊತ್ತಿನಲ್ಲೇ ತುಂಬ ಕಟುವಾದ ಮಾತು ಆಡಿದರು. ಲೂಕನ ಶುಭಸಂದೇಶದ 14ನೇ ಅಧ್ಯಾಯ ತೆಗೆದು ನೋಡಿ. ದೊಡ್ಡ ಗುಂಪು ಹಿಂದೆ ಬರುತ್ತಿದೆ. ಅವರು ತಿರುಗಿ ನಿಂತು ಹೇಳುತ್ತಾರೆ: ಅಪ್ಪ ಅಮ್ಮ, ಹೆಂಡತಿ ಮಕ್ಕಳು, ಒಡಹುಟ್ಟಿದವರು, ಕೊನೆಗೆ ಸ್ವಂತ ಜೀವ, ಇವೆಲ್ಲಕ್ಕಿಂತ ನನ್ನನ್ನು ಮೇಲೆ ಇಡಲಾಗದವನು ನನ್ನ ಶಿಷ್ಯನಾಗಲಾರ. ತನ್ನ ಶಿಲುಬೆ ಹೊತ್ತು ಬರದವನೂ ಆಗಲಾರ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನಲ್ವಾ, ನೀವೂ ಹಾಕಿ.

ಎಷ್ಟು ಜನ ಅಲ್ಲಿಂದಲೇ ವಾಪಸ್ ಹೋದರು ಅಂತ ಲೂಕ ಬರೆದಿಲ್ಲ.

ಮೂರು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ, ಭಾನುವಾರದ ಪೂಜೆಯಲ್ಲಿ ಈ ಪಾಠ ಓದುತ್ತಾರೆ. ಕರಾವಳಿಯ ಕಥೊಲಿಕರಾದ ನಮಗೆ ಅದು ಮೊಂತಿ ಹಬ್ಬದ, ಅಂದರೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬದ ಸಮಯ. ಮಕ್ಕಳು ಒಂಬತ್ತು ದಿನ ಹೂವು ತಂದು ಮಾತೆ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹೊಸ ತೆನೆಗೆ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು, ಮನೆಮಂದಿ ಎಲ್ಲ ಒಟ್ಟಿಗೆ ಕೂತು ಸಸ್ಯಾಹಾರದ ಊಟ. ನನಗೆ ತುಂಬ ಇಷ್ಟದ ಹಬ್ಬ. ಆದರೆ ಆ ಸಂಭ್ರಮದಲ್ಲಿ ಈ ಪಾಠ ಕಿವಿಗೆ ಬಿದ್ದು ಹಾಗೇ ಹೋಗಿಬಿಡುತ್ತದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಅದೇ ಅಧ್ಯಾಯದಲ್ಲಿ ಸ್ವಲ್ಪ ಹಿಂದೆ ಒಂದು ಔತಣದ ಕಥೆ ಇದೆ. ಕರೆಸಿಕೊಂಡವರು ಒಬ್ಬೊಬ್ಬರಾಗಿ ನೆಪ ಹೇಳುತ್ತಾರೆ. ಒಬ್ಬ ಹೊಲ ಕೊಂಡಿದ್ದಾನೆ, ಹೋಗಿ ನೋಡಬೇಕು. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದಾನೆ. ಮತ್ತೊಬ್ಬನಿಗೆ ಈಗಷ್ಟೇ ಮದುವೆಯಾಗಿದೆ. ಇವರಲ್ಲಿ ಯಾರೂ ಕಳ್ಳರಲ್ಲ, ಕುಡುಕರಲ್ಲ. ಜಾಗ, ದುಡಿಮೆ, ಮದುವೆ ಅಂದರೆ ನಮ್ಮ ಊರಿನ ಮರ್ಯಾದಸ್ಥರು ದಿನಾ ಮಾತಾಡುವ ವಿಷಯಗಳೇ. ಶಿಷ್ಯನಿಂದ ಬೆಲೆ ಕೇಳುವುದು ಅಲ್ಲಿಯೇ ಅಂತ ನಾನು ನಂಬುತ್ತೇನೆ. ಈಸ್ಟರ್ ಹಬ್ಬಕ್ಕೆ ಮೊದಲಿನ ತಪಸ್ಸು ಕಾಲದಲ್ಲಿ ಮೀನು ಮಾಂಸ ಬಿಡುವುದು ಒಳ್ಳೆಯದೇ, ನಾನೂ ಬಿಡುತ್ತೇನೆ. ಬಿಸಿಲಿನಲ್ಲಿ ಶಿಲುಬೆ ಹಾದಿ ನಡೆಯುವುದೂ ಒಳ್ಳೆಯದೇ. ಇದೆಲ್ಲ ಮುಗಿದ ಮೇಲೂ ಜಾಗದ ಆಸೆ, ಜಾತಿಯ ಹೆಮ್ಮೆ, ಹಳೆಯ ಹಠ ಎಲ್ಲ ಇದ್ದಲ್ಲೇ ಇದ್ದರೆ ನಾವು ಕೊಟ್ಟದ್ದಾದರೂ ಏನು?

ಜಾಗದ ವಿಷಯ ಮೊದಲು. ಕಾಸರಗೋಡಿನ ನಮ್ಮಂಥವರ ಜೀವ ಇರುವುದೇ ಅದರಲ್ಲಿ. ಬೇಳ, ಬದಿಯಡ್ಕ, ಪೆರ್ಲ, ಕಯ್ಯಾರು ಕಡೆಯ ಎಷ್ಟೋ ಅಡಿಕೆ ತೋಟಗಳಿಗೆ ಸುರಂಗದ ನೀರೇ ಆಧಾರ. ಹಿರಿಯರು ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗೆ ಜಿನುಗುವ ನೀರನ್ನು ಹೊರಗೆ ಹರಿಸಿ, ಕೆರೆಯಲ್ಲಿ ನಿಲ್ಲಿಸಿ ತೋಟ ಮಾಡಿದರು. ಪಾಲು ಆದ ಮೇಲೆ ಅದೇ ನೀರಿಗೆ ಜಗಳ. ಯಾರ ಸರದಿ, ಯಾವ ಹೊತ್ತು, ಪೈಪು ಯಾರ ಜಾಗದಲ್ಲಿ ಹೋಗಬೇಕು ಅಂತ. ಅಣ್ಣ ಊರಲ್ಲೇ ಇದ್ದು ಅಮ್ಮನನ್ನು ನೋಡಿಕೊಂಡಿರುತ್ತಾನೆ. ತಮ್ಮ ಗಲ್ಫಿನಿಂದ ದುಡ್ಡು ಕಳಿಸಿರುತ್ತಾನೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ. ಅಮ್ಮ ತೀರಿಕೊಂಡ ಮೇಲೆ ಇಬ್ಬರೂ ವಕೀಲರ ಬಳಿ ಹೋಗುತ್ತಾರೆ. ಭಾನುವಾರ ಒಂದೇ ಚರ್ಚಿಗೆ ಬರುತ್ತಾರೆ, ಒಂದೇ ಪರಮಪ್ರಸಾದ ಸ್ವೀಕರಿಸುತ್ತಾರೆ. ಶಾಂತಿ ಕೋರುವ ಹೊತ್ತಿಗೆ ಅಕ್ಕಪಕ್ಕದವರಿಗೆಲ್ಲ ಕೈ ಮುಗಿದು, ಒಡಹುಟ್ಟಿದವನು ಕೂತ ಕಡೆ ಮಾತ್ರ ತಿರುಗುವುದಿಲ್ಲ. ಇಂಥ ಮನೆ ಇಲ್ಲದ ಚರ್ಚು ನಮ್ಮ ಸುತ್ತ ಇದೆಯಾ?

ಮತ್ತಾಯನ 5ನೇ ಅಧ್ಯಾಯದಲ್ಲಿ ಇದಕ್ಕೆ ನೇರ ಉತ್ತರ ಇದೆ. ಕಾಣಿಕೆ ತಂದು ಬಲಿಪೀಠದ ಎದುರು ನಿಂತಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಅಸಮಾಧಾನ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ರಾಜಿಯಾಗು. ಇಲ್ಲೊಂದು ವಿಷಯ ಗಮನಿಸಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಹೇಳಿಲ್ಲ, ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಹೇಳಿದ್ದಾರೆ. ತಪ್ಪು ಯಾರದು ಅಂತ ಕೋರ್ಟು ಹೇಳುವ ತನಕ ಕಾಯುವ ಹಾಗಿಲ್ಲ. ನೆನಪಾದವನೇ ಹೊರಡಬೇಕು.

ಹೀಗೆ ಹೊರಟ ಒಬ್ಬರು ನನಗೆ ಗೊತ್ತು. ಹೆಸರು ಬೇಡ, ಅವರಿಗೆ ಅದು ಇಷ್ಟವಾಗುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಸರ್ವೆ ಮಾಡಿಸಿದಾಗ ನೆರೆಮನೆಯವರ ಕೆಲವು ಸೆಂಟ್ಸ್ ಜಾಗ ಇವರ ಬೇಲಿಯ ಒಳಗೆ ಇರುವುದು ಕಂಡಿತು. ನೆರೆಮನೆಯವರು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಅಲ್ಲಿದ್ದದ್ದು ಒಳ್ಳೆ ಫಸಲು ಬರುವ ಅಡಿಕೆ ಮರಗಳು. ಇವರೇ ಅವರ ಮನೆಗೆ ಹೋಗಿ ಹೇಳಿದರು. ಬೇಲಿ ಕಿತ್ತು ಹಿಂದೆ ಹಾಕಿದರು. ಇಷ್ಟು ವರ್ಷದ ಫಸಲಿಗೆ ಅಂತ ದುಡ್ಡೂ ಹಿಡಿದುಕೊಂಡು ಹೋದರು. ಆ ಮನೆಯ ಹಿರಿಯರು ದುಡ್ಡು ಬೇಡವೇ ಬೇಡ ಅಂದರು. ಇವರ ಸ್ವಂತ ಚಿಕ್ಕಪ್ಪ ಮಾತ್ರ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ. ಸತ್ತ ಅಪ್ಪನನ್ನು ಕಳ್ಳ ಮಾಡಿದ ಮಗ ಅಂತ ಊರಿಡೀ ಹೇಳಿಕೊಂಡು ಬಂದರು. ಜಾಗ ಹೋದದ್ದಕ್ಕಿಂತ ಆ ಮಾತು ಇವರನ್ನು ಜಾಸ್ತಿ ನೋಯಿಸಿದೆ ಅಂತ ನನಗೆ ಗೊತ್ತು. ಅಪ್ಪ ಅಮ್ಮನಿಗಿಂತ ನನ್ನನ್ನು ಮೇಲೆ ಇಡು ಅನ್ನುವ ಆ ಕಟು ಮಾತು ನನಗೆ ಅರ್ಥವಾದದ್ದು ಇವರನ್ನು ನೋಡಿ.

ದೇವರ ಕೃಪೆ ಉಚಿತ ಅಲ್ವಾ, ಅದಕ್ಕೆ ಬೆಲೆ ಎಲ್ಲಿಂದ ಬಂತು ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಜಕ್ಕಾಯನನ್ನು ನೋಡಿ. ಸುಂಕದವನು, ಜನರಿಂದ ಸುಲಿದವನು. ಯೇಸುಸ್ವಾಮಿ ಅವನ ಮನೆಗೆ ಹೋಗುವ ಮೊದಲು ಒಂದು ಷರತ್ತೂ ಹಾಕಲಿಲ್ಲ. ಮರದಿಂದ ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಉಳಿಯಬೇಕು ಅಂದರು, ಅಷ್ಟೇ. ಆ ಪ್ರೀತಿ ಸಿಕ್ಕಿದ ಮೇಲೆ ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂದ. ಕೃಪೆ ಉಚಿತವಾಗಿಯೇ ಬಂತು. ಬಂದ ಮೇಲೆ ಅವನ ಲೆಕ್ಕದ ಪುಸ್ತಕವನ್ನೂ ಮುಟ್ಟಿತು.

ದುಡಿಮೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ತೂಕದಲ್ಲಿ ಮೋಸ, ಬಂಗಾಳದಿಂದ ಬಂದ ಹುಡುಗರಿಗೆ ಕಡಿಮೆ ಕೂಲಿ, ಲಂಚ ಕೊಟ್ಟು ಮುಗಿಸಿಕೊಳ್ಳುವ ಕೆಲಸ. ಇದರಲ್ಲಿ ಯಾವುದು ತಪ್ಪು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಕ್ಷಮೆಯ ಬೆಲೆ ಇನ್ನೂ ದೊಡ್ಡದು. ನಮ್ಮದೇ ಕೇರಳ ರಾಜ್ಯದ ಪುಲ್ಲುವಳಿ ಊರಿನ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಬಡವರ ಪರ ಕೆಲಸ ಮಾಡುತ್ತಿದ್ದರು. ಬಡ್ಡಿಗೆ ದುಡ್ಡು ಕೊಡುವವರಿಗೆ ಅದು ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರನ್ನು ಇರಿದು ಕೊಂದರು. ಕೊಂದವನು ಜೈಲಿನಲ್ಲಿದ್ದಾಗ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಅಲ್ಲಿಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಬಿಡುಗಡೆಯಾದ ಮೇಲೆ ಅವನು ಕೇರಳಕ್ಕೆ ಬಂದಾಗ ತಾಯಿ ಅವನನ್ನು ಮನೆಗೆ ಬರಮಾಡಿಕೊಂಡರು. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರು ಎಂದು ಘೋಷಿಸಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ತಾಯಿ ಕಳೆದುಕೊಂಡದ್ದು ಮಗಳನ್ನು. ನಮ್ಮಲ್ಲಿ ಒಂದು ಸಾಲು ಅಡಿಕೆ ಮರಕ್ಕೆ ಅಣ್ಣತಮ್ಮಂದಿರು ಒಬ್ಬರ ಮರಣಕ್ಕೆ ಇನ್ನೊಬ್ಬರು ಹೋಗದೆ ಉಳಿಯುತ್ತಾರೆ.

ಇನ್ನು ಮದುವೆ. ಇದನ್ನು ಬರೆದರೆ ನಮ್ಮವರಲ್ಲೇ ಕೆಲವರಿಗೆ ಬೇಸರವಾಗುತ್ತದೆ. ಆದರೂ ಬಿಡಲಾರೆ. ದೀಕ್ಷಾಸ್ನಾನ ಒಂದೇ, ಬಲಿಪೀಠ ಒಂದೇ ಅನ್ನುತ್ತೇವೆ. ಮಗಳಿಗೆ ಗಂಡು ನೋಡುವಾಗ ಮಾತ್ರ ಬಾಮಣ್ ಮನೆಯಾ, ಚಾರೊಡಿ ಮನೆಯಾ ಅಂತ ಹಳೆಯ ಜಾತಿಯನ್ನು ಮೆಲ್ಲಗೆ ವಿಚಾರಿಸುತ್ತೇವೆ. ಕ್ರೈಸ್ತರಾಗಿ ಎಷ್ಟೋ ತಲೆಮಾರು ಕಳೆದ ಮೇಲೂ ಇದು ಹೋಗಿಲ್ಲ. ಹುಡುಗ ಒಳ್ಳೆಯವನು, ದುಡಿಯುತ್ತಾನೆ, ಪ್ರಾರ್ಥನೆ ಇದೆ, ಆದರೆ ಕುಟುಂಬ ಸರಿಯಿಲ್ಲ ಅನ್ನುತ್ತಾರಲ್ಲ, ಆ ಸರಿಯಿಲ್ಲ ಅನ್ನುವುದರ ಒಳಗೆ ಏನಿದೆ ಅಂತ ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರು ದೇವಸಹಾಯಂ ಅವರನ್ನು ಸಂತರೆಂದು ಘೋಷಿಸಿದರು. ಭಾರತದ ಮೊದಲ ಗೃಹಸ್ಥ ಸಂತ. ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನವರು. ತಿರುವಾಂಕೂರಿನ ಮಾರ್ತಾಂಡ ವರ್ಮನ ಆಳ್ವಿಕೆಯಲ್ಲಿ ಅರಮನೆಯ ನೌಕರಿ, ನಾಯರ್ ಮನೆತನ, ಹುಟ್ಟಿದ ಹೆಸರು ನೀಲಕಂಠ ಪಿಳ್ಳೆ. 1741ರ ಕೊಳಚ್ಚಲ್ ಯುದ್ಧದಲ್ಲಿ ಸೆರೆಸಿಕ್ಕ ಡಚ್ ಕ್ಯಾಪ್ಟನ್ ಡಿ ಲನೋಯ್ ಮೂಲಕ ಕ್ರಿಸ್ತನನ್ನು ಅರಿತು 1745ರಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲೆ ಕೆಳಜಾತಿ ಅನ್ನಿಸಿಕೊಂಡವರ ಜೊತೆ ಸಮನಾಗಿ ಬೆರೆತರು. ಅದು ಮೇಲಿನವರ ಕಣ್ಣು ಕೆಂಪು ಮಾಡಿತು. ಹಿಂಸೆ, ಸೆರೆಮನೆ, ಕೊನೆಗೆ 1752ರಲ್ಲಿ ಕಾಟ್ಟಾಡಿಮಲೆಯಲ್ಲಿ ಗುಂಡಿಟ್ಟು ಕೊಂದರು. ಅವರನ್ನು ಸಂತರ ಪಟ್ಟಿಗೆ ಸೇರಿಸುವಾಗ ಪಿಳ್ಳೆ ಅನ್ನುವ ಜಾತಿ ಹೆಸರನ್ನು ವ್ಯಾಟಿಕನ್ ಕೈಬಿಟ್ಟಿತು. ಅವರು ಜೀವ ಕೊಟ್ಟು ಬಿಟ್ಟದ್ದನ್ನು ನಾವು ಮದುವೆ ಮಾತುಕತೆಯಲ್ಲಿ ಜೋಪಾನ ಮಾಡುತ್ತಿದ್ದೇವೆ.

ನಮ್ಮ ಕರಾವಳಿಯಲ್ಲೂ ಬೆಲೆ ತೆತ್ತವರಿದ್ದಾರೆ. ನಾನು ಕಥೊಲಿಕ, ಆದರೂ ಪ್ರೊಟೆಸ್ಟಂಟರಾದ ಬಾಸೆಲ್ ಮಿಶನಿನವರ ಕಥೆ ಓದುವಾಗ ಮನಸ್ಸು ತಗ್ಗುತ್ತದೆ. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ನಂತರ, 1844ರಲ್ಲಿ, ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷೆ ತೆಗೆದುಕೊಂಡಾಗ ಊರೇ ತಿರುಗಿ ಬಿತ್ತು. ಬಡ ಕುಟುಂಬಗಳದ್ದು ಬೇರೆ ಕಷ್ಟ. ಕ್ರೈಸ್ತರಾದ ಕೂಡಲೇ ಹಳೆಯ ಕಸುಬು ಹೋಯಿತು, ಒಡೆಯರ ಗದ್ದೆ ಹೋಯಿತು. ಅವರಿಗೆ ಕೆಲಸ ಬೇಕು ಅಂತಲೇ ಮಿಶನಿನವರು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಅಂತ ನಾವು ಮಾಡಿಗೆ ಹೊದಿಸಿದ್ದರ ಹಿಂದೆ ಮನೆಮಾರು ಕಳೆದುಕೊಂಡ ಜನ ಇದ್ದಾರೆ.

ಬೆಲೆ ತೆರುವ ಕಾಲ ಮುಗಿದಿದೆ ಅಂತ ಯಾರೂ ತಿಳಿಯಬಾರದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತನಾದ ದಲಿತನಿಗೆ ಆ ಮೀಸಲಾತಿ ಇವತ್ತಿಗೂ ಇಲ್ಲ. ಅವನು ಸರ್ಟಿಫಿಕೇಟು ಕಳೆದುಕೊಂಡು ಬರುತ್ತಾನೆ. ಬಂದ ಮೇಲೆ ಚರ್ಚಿನಲ್ಲಿ ಅವನ ಮಗಳಿಗೆ ಸಂಬಂಧ ಕೇಳುವವರಿಲ್ಲ. ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸ್ಮಶಾನದಲ್ಲಿ ದಲಿತರನ್ನು ಬೇರೆ ಹೂಳಲು ನಡುವೆ ಗೋಡೆಯನ್ನೇ ಕಟ್ಟಿದ್ದರು. ಹುಟ್ಟಿನಿಂದ ಡಿಸೋಜ, ಕ್ರಾಸ್ತಾ ಅನ್ನುವ ಹೆಸರು ಸಿಕ್ಕಿದ ನಮ್ಮಂಥವರಿಗೆ ಈ ನಂಬಿಕೆ ಆಸ್ತಿಯ ಹಾಗೆ ಅಪ್ಪನಿಂದ ಬಂತು. ಕೈಯಿಂದ ಏನೂ ಹೋಗಿಲ್ಲ. ಅದಕ್ಕೇ ನಮ್ಮ ಮೇಲೆ ಜವಾಬ್ದಾರಿ ಜಾಸ್ತಿ ಅಂತ ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಕುಡಿದು ಹೊಡೆಯುವ ಗಂಡನ ಬಗ್ಗೆ ಹೆಂಗಸರು ಹೇಳಿಕೊಂಡರೆ, ಇದು ನಿನ್ನ ಶಿಲುಬೆ ಮಗಳೇ, ಹೊತ್ತುಕೋ ಅನ್ನುವ ಹಿರಿಯರು ಇದ್ದಾರೆ. ಇದು ದೊಡ್ಡ ಅನ್ಯಾಯ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ನಾನಾಗಿಯೇ ಕೊಡುತ್ತಿದ್ದೇನೆ ಅಂತ ಯೇಸುಸ್ವಾಮಿ ಹೇಳಿದ್ದು ಯೊವಾನ್ನನ ಶುಭಸಂದೇಶದಲ್ಲಿದೆ. ಶಿಲುಬೆಯನ್ನು ತಾನಾಗಿ ಹೊರಬೇಕು, ಇನ್ನೊಬ್ಬರ ಬೆನ್ನ ಮೇಲೆ ಹೊರಿಸುವುದಲ್ಲ. ಆ ಮನೆಯಲ್ಲಿ ಬೆಲೆ ತೆರಬೇಕಾದವನು ಗಂಡ. ಅವನು ಕುಡಿತ ಬಿಡಬೇಕು. ಅವಳನ್ನು ಮಕ್ಕಳ ಸಮೇತ ಮನೆಯಲ್ಲಿ ಇರಿಸಿಕೊಂಡು, ಬೇಕಾದರೆ ಪೊಲೀಸ್ ಸ್ಟೇಷನಿಗೆ ಜೊತೆಯಲ್ಲಿ ಹೋಗಿ, ಅವನ ಕಡೆಯವರ ಬೈಗುಳ ತಿನ್ನಬೇಕಾದವರು ನಾವು.

ನಮ್ಮ ಕಾಸರಗೋಡಿನ ಎಣ್ಮಕಜೆಯ ಪಡ್ರೆ, ಸ್ವರ್ಗ ಕಡೆಯ ವಿಷಯ ಎಲ್ಲರಿಗೂ ಗೊತ್ತಿದೆ. ಸರಕಾರಿ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರನ್ನು ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿಗೆ ವಯಸ್ಸಾಗಿದೆ. ಕ್ರಿಸ್ಮಸ್ ಹೊತ್ತಿಗೆ ಕೇಕು ಹಿಡಿದು ಹೋಗುವ ತಂಡಗಳಿವೆ, ಫೋಟೋ ಬರುತ್ತದೆ, ಅದೂ ಇರಲಿ. ನನಗೆ ಗೊತ್ತಿರುವ ನಿವೃತ್ತ ಟೀಚರ್ ಒಬ್ಬರು ಪ್ರತಿ ವಾರ ಅಂಥ ಒಂದು ಮನೆಗೆ ಹೋಗುತ್ತಾರೆ. ಮಗುವಿನ ಪಕ್ಕ ಇವರು ಕೂರುತ್ತಾರೆ, ಅಮ್ಮ ಆ ಹೊತ್ತಿನಲ್ಲಿ ರೇಶನ್ ಅಂಗಡಿಗೋ ಬ್ಯಾಂಕಿಗೋ ಹೋಗಿ ಬರುತ್ತಾರೆ, ಇಲ್ಲದಿದ್ದರೆ ಒಂದು ನಿದ್ದೆ ಮಾಡುತ್ತಾರೆ. ಸ್ವಂತ ಮೊಣಕಾಲು ನೋವು ಇದ್ದರೂ, ಜೋರು ಮಳೆ ಬಂದರೂ ತಪ್ಪಿಸಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಬರುತ್ತೇನೆ ಅಂತ ಹೇಳಿದ್ದೇನಲ್ಲ ಅಂದರು. ಒಂದು ದಿನದ ಉತ್ಸಾಹಕ್ಕೆ ಯಾರಾದರೂ ಕೊಡುತ್ತಾರೆ. ವರ್ಷಗಟ್ಟಲೆ ಅದೇ ಮನೆಯ ಅದೇ ಮೆಟ್ಟಿಲು ಹತ್ತುವುದಕ್ಕೆ ಬೇರೆಯೇ ಲೆಕ್ಕ ಹಾಕಿರಬೇಕು.

ಮುಂದಿನ ವಾಳೆ (ಚರ್ಚಿನ ವಾರ್ಡು) ಸಭೆಯಲ್ಲಿ ಎರಡು ವಿಷಯ ಎತ್ತಬೇಕು ಅಂತಿದ್ದೇನೆ. ಈ ಸಲದ ತಪಸ್ಸು ಕಾಲ ಮುಗಿಯುವ ಮೊದಲು, ಜಾಗದ ಕೇಸು ನಡೆಯುತ್ತಿರುವ ನಮ್ಮ ವಾಳೆಯ ಮನೆಗಳಿಗೆ ವಾಳೆಯ ಮುಖಂಡರಾದ ಗುರ್ಕಾರರೂ ಇಬ್ಬರು ಹಿರಿಯರೂ ಹೋಗಿ ಕೂತು ಮಾತಾಡಬೇಕು, ಸರ್ವೆಯ ಖರ್ಚು ಬಂದರೆ ಎಲ್ಲರೂ ಸೇರಿ ಹಾಕಬೇಕು. ಮದುವೆ ತಯಾರಿ ಶಿಬಿರಕ್ಕೆ ಮಕ್ಕಳ ಜೊತೆ ತಂದೆತಾಯಿಗಳನ್ನೂ ಕರೆಸಿ, ಜಾತಿ ಕೇಳುವ ಅಭ್ಯಾಸದ ಬಗ್ಗೆ ಬಾಯಿಬಿಟ್ಟು ಮಾತಾಡಬೇಕು. ನಿಮ್ಮ ಚರ್ಚಿನಲ್ಲಿ ಇದನ್ನು ಯಾರಾದರೂ ಈಗಾಗಲೇ ಮಾಡಿದ್ದರೆ ಹೇಗೆ ಶುರು ಮಾಡಿದಿರಿ, ಎಲ್ಲಿ ಕಷ್ಟವಾಯಿತು ಅಂತ ಕೆಳಗೆ ಬರೆಯಿರಿ, ಸಭೆಗೆ ಹೋಗುವಾಗ ನನಗೆ ಬೇಕು.