ಹೊಳೆಯ ಜಾಡು ಹಿಡಿದು ಶಿರಸಿ ಸುತ್ತ ಮೂರು ದಿನ

ದಸರಾ ರಜೆ ಹತ್ತಿರ ಬಂದರೆ ಸಾಕು, ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ತರಹದ ಪಟ್ಟಿ ಓಡಾಡಲು ಶುರುವಾಗುತ್ತದೆ. ಸಾತೊಡ್ಡಿ, ಮಾಗೋಡು, ಯಾಣ, ಉಂಚಳ್ಳಿ, ಜೋಗ, ಸಾಲದ್ದಕ್ಕೆ ಗೋಕರ್ಣ, ಮುರ್ಡೇಶ್ವರ. ಎಲ್ಲವೂ ಎರಡು ದಿನದಲ್ಲಿ! ಮ್ಯಾಪಿನಲ್ಲಿ ನೋಡಿದರೆ ಎಲ್ಲವೂ ಅಕ್ಕಪಕ್ಕ ಇದ್ದ ಹಾಗೇ ಕಾಣುತ್ತವೆ. ಹೊರಟ ಮೇಲೆ ಆಗುವುದೇನು? ಹಗಲೆಲ್ಲ ಕಾರಿನೊಳಗೆ ಕಳೆದುಹೋಗುತ್ತದೆ, ಜಲಪಾತದ ಮುಂದೆ ಇಪ್ಪತ್ತು ನಿಮಿಷವೂ ನಿಲ್ಲಲು ಆಗುವುದಿಲ್ಲ, ಕತ್ತಲಾದ ಮೇಲೆ ಘಟ್ಟ ಇಳಿಯುವ ಪಾಡು.

ಈ ಸೀಮೆಯ ಪ್ರವಾಸಕ್ಕೆ ಮೊದಲು ಹೊಳೆಗಳನ್ನು ನೋಡಬೇಕು, ಆಮೇಲೆ ರಸ್ತೆಗಳನ್ನು. ಉತ್ತರ ಕನ್ನಡದ ಪ್ರತಿ ಜಲಪಾತವೂ ಒಂದೊಂದು ಹೊಳೆಯ ಗುಣಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಮಾಗೋಡು ಬೇಡ್ತಿಯದು, ಉಂಚಳ್ಳಿ ಅಘನಾಶಿನಿಯದು. ಈ ಎರಡೂ ಹೊಳೆಗಳಿಗೆ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಮಳೆ ಬಿದ್ದಷ್ಟು ನೀರು, ಮಳೆ ನಿಂತ ಹಾಗೆ ನಿಧಾನವಾಗಿ ಇಳಿತ. ಜೋಗದ ಲೆಕ್ಕವೇ ಬೇರೆ. ಶರಾವತಿಯನ್ನು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮೇಲೆಯೇ ತಡೆದು ನಿಲ್ಲಿಸಿದೆ. ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ನೀರು, ಇಲ್ಲವೇ ಗೇಟು ತೆಗೆದಾಗ ಬಿಟ್ಟ ನೀರು, ಇವೆರಡೇ ಜೋಗಕ್ಕೆ ಸಿಗುವುದು. ಜುಲೈ-ಆಗಸ್ಟಿನ ಜಡಿಮಳೆಯಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಧುಮುಕುತ್ತವೆ. ನವೆಂಬರಿನಲ್ಲಿ ಹೋದವರಿಗೆ ಕರಿಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುವ ನೀರಷ್ಟೇ ಕಂಡು ಬೇಸರವಾಗುವುದೂ ಉಂಟು.

ಹಾಗಾಗಿ ಮೂರೇ ದಿನ ಇದ್ದರೆ ಜೋಗವನ್ನು ಬಿಡಿ. ಇದನ್ನು ಹೇಳಿದರೆ ಜನ ಸಿಟ್ಟಾಗುತ್ತಾರೆ, ಗೊತ್ತು. ಆದರೆ 253 ಮೀಟರ್ ಎತ್ತರದ ಅಂಥ ಜಲಪಾತಕ್ಕೆ ಒಂದು ಇಡೀ ದಿನ, ಅದೂ ಮಳೆಗಾಲದ ದಿನ ಕೊಡಬೇಕು. ವಾಪಸ್ ಬರುವ ದಾರಿಯಲ್ಲಿ ಅರ್ಧ ಗಂಟೆ ಇಣುಕಿ ಹೋಗುವ ಜಾಗ ಅದಲ್ಲ.

ಯಾವಾಗ ಹೊರಡಬೇಕು ಎಂಬುದಕ್ಕೆ ನನ್ನ ಉತ್ತರ: ನವೆಂಬರ್ ಎರಡನೇ ವಾರದಿಂದ ಡಿಸೆಂಬರ್ ನಡುವಿನವರೆಗೆ. ಜುಲೈ, ಆಗಸ್ಟಿನಲ್ಲಿ ಮಾಗೋಡಿಗೋ ಉಂಚಳ್ಳಿಗೋ ಹೋದರೆ ಶಬ್ದ ಕೇಳುತ್ತದೆ, ನೀರು ಕಾಣುವುದಿಲ್ಲ. ಕಣಿವೆ ತುಂಬ ಮಂಜು. ಅರ್ಧ ಗಂಟೆ ಕಾದರೆ ಒಂದು ನಿಮಿಷ ಪರದೆ ಸರಿದೀತು, ಸರಿಯದೆಯೂ ಇದ್ದೀತು. ಸಾಲದ್ದಕ್ಕೆ ಜೋರು ಮಳೆಯಿದ್ದಾಗ ಅರಣ್ಯ ಇಲಾಖೆಯವರು ಸಾತೊಡ್ಡಿಯಂಥ ಕಡೆ ಪ್ರವೇಶವನ್ನೇ ನಿಲ್ಲಿಸುತ್ತಾರೆ. ಫೆಬ್ರವರಿ ದಾಟಿದರೆ ಸಣ್ಣ ಹಳ್ಳಗಳ ನೀರು ಸೊರಗಿರುತ್ತದೆ. ಇನ್ನೊಂದು ಕಾರಣ ಸಹಸ್ರಲಿಂಗ. ಸೋಂದಾ ಹತ್ತಿರ ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗ, ಬಸವಗಳು ಮಳೆಗಾಲದಲ್ಲಿ ನೀರಿನಡಿ ಇರುತ್ತವೆ, ಹೊಳೆ ಇಳಿದ ಮೇಲೆಯೇ ಮೇಲೇಳುವುದು. ಜಲಪಾತಕ್ಕೆ ನೀರು ಬೇಕು, ಸಹಸ್ರಲಿಂಗಕ್ಕೆ ನೀರು ಇಳಿದಿರಬೇಕು. ಎರಡೂ ಒಟ್ಟಿಗೆ ಸಿಗುವುದು ಈ ಐದಾರು ವಾರ ಮಾತ್ರ.

ಇನ್ನು ವೇಗದ ಲೆಕ್ಕ. ಮ್ಯಾಪ್ ತೋರಿಸುವ ಸಮಯ ನಂಬಬೇಡಿ. ಹುಬ್ಬಳ್ಳಿ-ಯಲ್ಲಾಪುರ ಹೆದ್ದಾರಿಯಲ್ಲಿ ಗಂಟೆಗೆ 45 ಕಿ.ಮೀ., ಊರಿಂದೂರಿಗೆ ಹೋಗುವ ಕಾಡಿನ ಡಾಂಬರು ರಸ್ತೆಯಲ್ಲಿ 25ರಿಂದ 30, ಜಲಪಾತದ ಕೊನೆಯ ಒರಟು ದಾರಿಯಲ್ಲಿ 10ರಿಂದ 15. ಹೀಗೆ ಹಾಕಿಕೊಂಡರೆ ತಪ್ಪುವುದಿಲ್ಲ. ಹೆದ್ದಾರಿಯಲ್ಲಿ ಕರಾವಳಿ ಕಡೆಯ ಲಾರಿಗಳ ಸಾಲು ಇರುತ್ತದೆ, ಒಂದರ ಹಿಂದೆ ಸಿಕ್ಕಿಕೊಂಡರೆ ಮೈಲುಗಟ್ಟಲೆ ದಾಟಲು ಜಾಗ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಿಟ್ಟರೆ ಸುಮಾರು 70 ಕಿ.ಮೀ. ದಾರಿ ಎಂಟರೊಳಗೆ ಮುಗಿಯುತ್ತದೆ. ಎಂಟಕ್ಕೆ ಹೊರಟವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು.

ಯಲ್ಲಾಪುರದಲ್ಲಿ ತಿಂಡಿ ತಿಂದು, ಟ್ಯಾಂಕು ತುಂಬಿಸಿ. ಊರು ಬಿಟ್ಟ ಮೇಲೆ ಜಲಪಾತಗಳ ದಾರಿಯಲ್ಲಿ ಬಂಕ್ ಇಲ್ಲ, ಎಟಿಎಂ ಇಲ್ಲ, ಬಹುತೇಕ ಕಡೆ ಸಿಗ್ನಲ್ಲೂ ಇಲ್ಲ. ಫೋನಿನಿಂದ ದುಡ್ಡು ಕೊಡುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಸೇರಿ ಒಂದೆರಡು ಸಾವಿರ ಕೈಯಲ್ಲಿರಲಿ. ಪಾರ್ಕಿಂಗಿನವರ ಹತ್ತಿರ ಐನೂರಕ್ಕೆ ಚಿಲ್ಲರೆ ಇರುವುದಿಲ್ಲ.

ಮೊದಲ ದಿನದ ಬೆಳಿಗ್ಗೆ ಸಾತೊಡ್ಡಿ. ಯಲ್ಲಾಪುರದಿಂದ ಸುಮಾರು 32 ಕಿ.ಮೀ., ಒಂದೂಕಾಲು ಗಂಟೆ. ಎತ್ತರ ಹೆಚ್ಚಿಲ್ಲ, ಸುಮಾರು 15 ಮೀಟರ್, ಆದರೆ ಅಗಲವಾದ ಬಂಡೆಯ ಮೇಲೆ ಹರಡಿ ಬೀಳುವ ಚೆಲುವು ಬೇರೆ ಎಲ್ಲೂ ಇಲ್ಲ. ಈ ನೀರು ಕೆಳಗೆ ಕಾಳಿ ನದಿಯ ಕೊಡಸಳ್ಳಿ ಹಿನ್ನೀರಿಗೆ ಸೇರುತ್ತದೆ. ಕಾರು ನಿಲ್ಲಿಸಿ ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು, ಚಪ್ಪಲಿ ಬೇಡ, ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಿಡಿತವಿರುವ ಬೂಟು ಬೇಕು. ಒಣಗಿದ ಬಂಡೆ ಜಾರುವುದಿಲ್ಲ, ನೀರು ಬಿದ್ದ ಬಂಡೆಯೂ ಅಷ್ಟೊಂದು ಜಾರುವುದಿಲ್ಲ. ಹಸಿರು-ಕಪ್ಪು ಪಾಚಿ ತೆಳ್ಳಗೆ ಹಿಡಿದ ಬಂಡೆ ಇದೆಯಲ್ಲ, ಅದೇ ಕಾಲು ಮುರಿಯುವುದು.

ನೀರಿಗೆ ಇಳಿಯುವವರು ಒಂದನ್ನು ಕಲಿತಿರಲೇಬೇಕು. ತಲೆಯ ಮೇಲೆ ಬಿಸಿಲಿದ್ದರೂ ಮೇಲೆಲ್ಲೋ ಮಳೆಯಾಗಿದ್ದರೆ ಹಳ್ಳ ಏರುತ್ತದೆ. ತಿಳಿ ನೀರು ಕೆಂಪಗಾಗುತ್ತದೆ, ಎಲೆ-ಕಡ್ಡಿ ತೇಲಿ ಬರುತ್ತವೆ, ಶಬ್ದ ದಪ್ಪವಾಗುತ್ತದೆ. ಮೂರರಲ್ಲಿ ಒಂದು ಕಂಡರೂ ಸಾಮಾನು ಹೆಕ್ಕಲು ಹೋಗದೆ ದಡ ಹತ್ತಬೇಕು. ಜಲಪಾತದ ಬುಡದ ಗುಂಡಿಯಲ್ಲಿ ಈಜುವುದು ಬೇಡವೇ ಬೇಡ. ಬೀಳುವ ನೀರಿನಲ್ಲಿ ಗಾಳಿ ಬೆರೆತು ನೊರೆಯಾಗಿರುತ್ತದೆ, ಅದು ಮೈಯನ್ನು ತೇಲಿಸುವುದಿಲ್ಲ. ಕೆರೆಯಲ್ಲಿ ಚೆನ್ನಾಗಿ ಈಜುವವರೂ ಅಲ್ಲಿ ಮುಳುಗುವುದು ಇದಕ್ಕೇ.

ಮಧ್ಯಾಹ್ನ ಯಲ್ಲಾಪುರಕ್ಕೆ ಮರಳಿ ಊಟ. ಎರಡೂವರೆ ದಾಟಿದರೆ ಖಾನಾವಳಿಗಳಲ್ಲಿ ಅನ್ನ ಮುಗಿದಿರುತ್ತದೆ. ಮೂರೂವರೆಗೆ ಮಾಗೋಡು, ಸುಮಾರು 18 ಕಿ.ಮೀ. ಬೇಡ್ತಿ ಇಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುತ್ತದೆ. ಎದುರಿನ ಗುಡ್ಡದ ಕಟ್ಟೆಯಿಂದ ನೋಡಬೇಕು, ಕೆಳಗೆ ಇಳಿಯುವ ಸಾಹಸ ಬೇಡ. ಬೇಡ್ತಿಗೆ ನೀರು ಬರುವುದು ಧಾರವಾಡ, ಕಲಘಟಗಿ ಕಡೆಯ ಬಯಲಿನಿಂದಲೂ ಹೌದು. ಅಲ್ಲಿ ಜೋರು ಮಳೆಯಾದರೆ ಇಲ್ಲಿ ಕೆಂಪು ನೀರು. ಈ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು 1980ರ ದಶಕದ ಹೊತ್ತಿಗೆ ಈ ಭಾಗದ ರೈತರು, ಪರಿಸರ ಕಾರ್ಯಕರ್ತರು ಗಟ್ಟಿಯಾಗಿ ವಿರೋಧಿಸಿದರು. ನಾವು ಇವತ್ತು ಆ ಗುಡ್ಡದ ಕಟ್ಟೆಯ ಮೇಲೆ ನಿಂತು ನೋಡುವ ನೀರಿನಲ್ಲಿ ಅವರ ಪಾಲಿದೆ. ಅಲ್ಲಿಂದ ಹತ್ತಿರದಲ್ಲೇ ಜೇನುಕಲ್ಲು ಗುಡ್ಡ, ಕೆಳಗೆ ಕಣಿವೆಯಲ್ಲಿ ಬೇಡ್ತಿ ಹಾವಿನಂತೆ ಹೊರಳುವುದು ಕಾಣುತ್ತದೆ. ನವೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುವುದರಿಂದ ಐದೂಕಾಲಿಗೆ ಅಲ್ಲಿರಿ. ಸೂರ್ಯ ಮುಳುಗಿದ ಮೇಲೆ ಶಿರಸಿಗೆ ಓಡಬೇಡಿ, ಯಲ್ಲಾಪುರದ ಸುತ್ತಲೇ ಉಳಿಯಿರಿ. ಕತ್ತಲಲ್ಲಿ ಕಾಡಿನ ರಸ್ತೆ, ಅಡ್ಡ ಬರುವ ದನ, ಕಾಡುಹಂದಿ, ಎದುರು ಲಾರಿಯ ಹೈಬೀಮ್: ದಣಿದ ಕಣ್ಣಿಗೆ ಇದೆಲ್ಲ ಬೇಡ.

ಹೋಮ್‌ಸ್ಟೇ ಗೊತ್ತು ಮಾಡುವಾಗ ಕೋಣೆಯ ಫೋಟೋಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: "ಕೊನೆಯ ಎರಡು ಕಿಲೋಮೀಟರ್ ಸಣ್ಣ ಕಾರು ಬರ್ತದಾ?" ತೋಟದ ಮನೆಗಳ ದಾರಿ ಕಡಿದಾಗಿರುತ್ತದೆ, ಮಳೆ ಬಿದ್ದರೆ ಕೆಮ್ಮಣ್ಣಿನ ಏರಿನಲ್ಲಿ ಚಕ್ರ ಸುಮ್ಮನೆ ತಿರುಗುತ್ತದೆ. ಊಟ ಎಷ್ಟು ಜನಕ್ಕೆ ಎಂಬುದನ್ನು ಹಿಂದಿನ ದಿನವೇ ತಿಳಿಸಿ. ಅವರದು ಹೋಟೆಲ್ ಅಲ್ಲ, ಮನೆ. ತಂಬುಳಿ, ಅಪ್ಪೆಹುಳಿ ಮಾಡುವವರಿಗೂ ಹೊತ್ತು ಬೇಕು.

ಎರಡನೇ ದಿನ ಯಲ್ಲಾಪುರದಿಂದ ಶಿರಸಿಗೆ ಸುಮಾರು 50 ಕಿ.ಮೀ. ಸಹಸ್ರಲಿಂಗ ಇದೇ ರಸ್ತೆಯಿಂದ ಸ್ವಲ್ಪ ಒಳಗೆ, ಹಾಗಾಗಿ ಶಿರಸಿ ತಲುಪುವ ಮೊದಲೇ ನೋಡಿಬಿಡಿ. ಶಿರಸಿಗೆ ಹೋಗಿ ಮತ್ತೆ ಹಿಂದೆ ಬರುವವರೇ ಜಾಸ್ತಿ. ಒಂದು ಗಂಟೆ ಸಾಕು. ಮಧ್ಯಾಹ್ನ ಯಾಣಕ್ಕೆ, ಶಿರಸಿಯಿಂದ ಸುಮಾರು 40 ಕಿ.ಮೀ., ಒಂದೂವರೆ ಗಂಟೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಡುಗಪ್ಪು ಸುಣ್ಣಕಲ್ಲು. ಯಾಣಕ್ಕೆ ಶಿರಸಿ ಕಡೆಯಿಂದ ಒಂದು ದಾರಿ, ಕುಮಟಾ ಕಡೆಯಿಂದ ಇನ್ನೊಂದು. ಮ್ಯಾಪ್ ಕೆಲವೊಮ್ಮೆ ಸುತ್ತಿಸಿ ಇನ್ನೊಂದು ಬದಿಗೆ ಕರೆದೊಯ್ಯುತ್ತದೆ, ಹೊರಡುವಾಗಲೇ ನೋಡಿಕೊಳ್ಳಿ. ಕಾರು ನಿಲ್ಲಿಸಿದ ಮೇಲೆ ನಡಿಗೆ, ಮೆಟ್ಟಿಲು ತಪ್ಪಿದ್ದಲ್ಲ, ಮೊಣಕಾಲು ನೋವಿನವರಿಗೆ ಮೊದಲೇ ಹೇಳಿರಿ. ಬಂಡೆಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ಕೂಗಾಟ, ಹೊಗೆ, ಕಲ್ಲೆಸೆತ ಬೇಡ, ಗಾಢ ಸೆಂಟೂ ಬೇಡ. ಯಾಣದ ಹತ್ತಿರದ ವಿಭೂತಿ ಜಲಪಾತವನ್ನೂ ಅದೇ ದಿನ ಸೇರಿಸಬಹುದು, ಬೆಳಿಗ್ಗೆ ಸಹಸ್ರಲಿಂಗ ಒಂಬತ್ತಕ್ಕೇ ಮುಗಿದಿದ್ದರೆ ಮಾತ್ರ.

ಮೂರನೇ ದಿನ ಉಂಚಳ್ಳಿ, ಸಿದ್ದಾಪುರ ತಾಲೂಕಿನ ಹೆಗ್ಗರಣೆ ಹತ್ತಿರ, ಶಿರಸಿಯಿಂದ 35 ಕಿ.ಮೀ. ಆಸುಪಾಸು. ಅಘನಾಶಿನಿ 116 ಮೀಟರ್ ಧುಮುಕುತ್ತದೆ. ಮಾತು ಕೇಳದಷ್ಟು ಸದ್ದು ಮಾಡುವುದರಿಂದ ಸುತ್ತಲಿನವರು ಕೆಪ್ಪ ಜೋಗ ಎನ್ನುತ್ತಾರೆ. ಇಡೀ ಸುತ್ತಿನಲ್ಲಿ ಒಂದೇ ಜಲಪಾತ ನೋಡಬಹುದು ಎಂದರೆ ನಾನು ಇದನ್ನೇ ಆರಿಸುವೆ. ತುಂಬಾ ಬೇಗ ಹೋದರೂ ಉಪಯೋಗವಿಲ್ಲ, ಬೆಳಗಿನ ಇಬ್ಬನಿ ಕಣಿವೆ ಬಿಟ್ಟು ಮೇಲೇಳಲು ಒಂಬತ್ತೂವರೆ-ಹತ್ತು ಆಗುತ್ತದೆ. ಎರಡು ಗಂಟೆ ಇಟ್ಟುಕೊಳ್ಳಿ.

ಹೀಗೆ ಮಾಡಿದರೆ ಮನೆಯಿಂದ ಮನೆಗೆ ಒಟ್ಟು 480ರಿಂದ 500 ಕಿ.ಮೀ. ಆಗುತ್ತದೆ. ಹೆದ್ದಾರಿಯಲ್ಲಿ ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರು ಈ ತಿರುವುಗಳಲ್ಲಿ, ಎಸಿ ಹಾಕಿದರೆ 12ಕ್ಕೆ ಇಳಿಯುತ್ತದೆ. 40 ಲೀಟರ್ ಎಂದು ಲೆಕ್ಕ ಹಾಕಿ.

ಕಾರಿನ ವಿಷಯಕ್ಕೆ ಬಂದರೆ, ಟೈರಿನ ಗಾಳಿಯನ್ನು ಡ್ರೈವರ್ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಪೂರ್ತಿ ಜನ, ಪೂರ್ತಿ ಸಾಮಾನಿಗೆ ಎಷ್ಟು ಎಂದಿದೆಯೋ ಅಷ್ಟು ಹಾಕಿಸಿ, ಟೈರು ತಣ್ಣಗಿರುವಾಗ. ಸ್ಟೆಪ್ನಿಗೂ ಹಾಕಿಸಿ. ಸ್ಟೆಪ್ನಿ ಇದ್ದು ಅದರಲ್ಲಿ ಗಾಳಿ ಇಲ್ಲದೆ ಕಾಡಿನಲ್ಲಿ ಕೂತವರು ಎಷ್ಟೋ ಜನ. ಟೈರಿನ ಕಚ್ಚು 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಒದ್ದೆ ಘಟ್ಟಕ್ಕೆ ಸಾಲದು, 3 ಇರಲಿ.

ಇಳಿಜಾರಿನಲ್ಲಿ ಹಳೆಯ ಡ್ರೈವರುಗಳ ಸೂತ್ರವೇ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪ್ಯಾಡು ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲು ಮೆತ್ತಗಾಗಿ ಒಳಗೆ ಹೋಗುತ್ತದೆ. ವಾಸನೆ ಬಂದ ಕೂಡಲೇ ಸಮತಟ್ಟಾದ ಕಡೆ ನಿಲ್ಲಿಸಿ ಇಪ್ಪತ್ತು-ಮೂವತ್ತು ನಿಮಿಷ ಆರಲು ಬಿಡಿ, ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಕಿರಿದಾದ ಏರಿನಲ್ಲಿ ಎದುರು ಗಾಡಿ ಬಂದರೆ ಹತ್ತುವವರಿಗೆ ದಾರಿ. ಬಸ್ಸಿಗೆ ದಾರಿ ಬಿಡುವಾಗ ಡಾಂಬರಿನ ಅಂಚು ಬಿಟ್ಟು ಇಳಿಯುವ ಮೊದಲು ಒಬ್ಬರು ಕೆಳಗಿಳಿದು ನೋಡಿ. ಮಳೆಗಾಲದ ಹುಲ್ಲು ಬದಿಯ ಚರಂಡಿಯನ್ನು ಪೂರ್ತಿ ಮುಚ್ಚಿರುತ್ತದೆ, ಗಟ್ಟಿ ನೆಲ ಎಂದುಕೊಂಡು ಇಳಿಸಿದ ಚಕ್ರ ನೇರ ಚರಂಡಿಗೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕೆಲ್ಲ ಕಣ್ಣಿಗೇ ಮರಳುತ್ತದೆ, ಲೋ ಬೀಮ್ ಸಾಕು.

ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ, ಆದರೆ ಅದು ತೋರಿಸುವ ಅತಿ ಹತ್ತಿರದ ದಾರಿ ಅಡಿಕೆ ತೋಟದೊಳಗೆ ಹೋಗಿ ಹಳ್ಳದ ದಂಡೆಯಲ್ಲಿ ಮುಗಿಯಬಹುದು. ರಸ್ತೆ ಕಿರಿದಾಗುತ್ತಾ ನಡುವೆ ಹುಲ್ಲು ಕಂಡರೆ ನಿಲ್ಲಿಸಿ ಯಾರನ್ನಾದರೂ ಕೇಳಿ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಹಾಗಾಗಿ ಹಿಂದಿನ ರಾತ್ರಿ ಹೋಮ್‌ಸ್ಟೇಯವರಿಗೆ ಒಂದು ಫೋನು: ಘಟ್ಟ ತೆರೆದಿದೆಯೇ, ಜಲಪಾತದ ಗೇಟಿನಲ್ಲಿ ಒಳಗೆ ಬಿಡುತ್ತಾರೆಯೇ?

ಮಳೆ ಮುಗಿಯುವವರೆಗೆ ಉಂಬಳ (ಜಿಗಣೆ) ಇದ್ದದ್ದೇ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಕಚ್ಚಿದರೆ ಕಿತ್ತೆಳೆಯದೆ ಚೂರು ಉಪ್ಪೋ ಸುಣ್ಣವೋ ಮುಟ್ಟಿಸಿ, ತಾನೇ ಬಿಡುತ್ತದೆ. ಅದಕ್ಕಿಂತ ಗಂಭೀರವಾದದ್ದು ಡಿಸೆಂಬರಿನಿಂದ ಮೇವರೆಗಿನ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಈ ರೋಗ ಸಿದ್ದಾಪುರದ ಕಾಡಂಚಿನಲ್ಲೂ ಬರುತ್ತದೆ, ಹರಡುವುದು ಉಣುಗಿನಿಂದ (ಉಣ್ಣೆ). ಒಣಗಿದ ತರಗೆಲೆಯ ಮೇಲೆ ಚಾಪೆ ಹಾಸಿ ಊಟಕ್ಕೆ ಕೂರಬೇಡಿ, ಮೈತುಂಬ ಬಟ್ಟೆ ಹಾಕಿ, ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮಂಗ ಸತ್ತುಬಿದ್ದದ್ದು ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೋ ಆರೋಗ್ಯ ಇಲಾಖೆಗೋ ತಿಳಿಸಿ. ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳಲೇಬೇಕು.

ಒಂದು ದೊಡ್ಡ ಗೊಬ್ಬರದ ಚೀಲ ಡಿಕ್ಕಿಯಲ್ಲಿರಲಿ, ನಿಮ್ಮ ಕಸವೆಲ್ಲ ಅದರಲ್ಲೇ ಶಿರಸಿಯವರೆಗೆ ಬರಲಿ. ಬಂಡೆಯ ಮೇಲೆ ಒಡೆದ ಬಾಟಲಿಯ ಚೂರು ಮರುದಿನ ಬರಿಗಾಲಲ್ಲಿ ಮೇವು ತರಲು ಬರುವ ಹೆಂಗಸಿನ ಪಾದಕ್ಕೆ ಹೋಗುತ್ತದೆ. ಇದನ್ನು ನೆನೆದರೇ ಹೊಟ್ಟೆ ಉರಿಯುತ್ತದೆ.

ಉಂಚಳ್ಳಿಯಿಂದ ಶಿರಸಿಗೆ ಬಂದು ಒಂದೂವರೆಗೆ ಊಟ, ಎರಡೂವರೆಗೆ ಮುಂಡಗೋಡ ದಾರಿ ಹಿಡಿದರೆ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಕಾಡು ಬೆಳಕಿರುವಾಗಲೇ ಮುಗಿಯುತ್ತದೆ. ಹೊರಡುವ ಮೊದಲು ಶಿರಸಿ ಪೇಟೆಯಲ್ಲಿ ತೊಡೆದೇವು ಎಂಬ ಸಿಹಿತಿಂಡಿ ಕೊಳ್ಳಿ. ಕಾಗದದಷ್ಟು ತೆಳ್ಳಗಿರುವುದರಿಂದ ಬ್ಯಾಗಿನಡಿ ಇಟ್ಟರೆ ಮನೆಗೆ ಪುಡಿಯೇ ತಲುಪುವುದು. ಹಿಂದಿನ ಸೀಟಿನಲ್ಲಿ ಕೂತವರ ತೊಡೆಯ ಮೇಲೆ ಕೊಡಿ.