ಬರೆಯುವವರು ಬ್ಲಾಗುಗಳನ್ನು ಓದಬೇಕೇ?

ಬರವಣಿಗೆಯನ್ನೇ ಕೆಲಸವಾಗಿಸಿಕೊಂಡವರಿಗೆ ಓದು ಬಿಡುವಿನ ವೇಳೆಯ ಹವ್ಯಾಸವಾಗಿ ಉಳಿಯುವುದಿಲ್ಲ. ಅದು ಆ ಕೆಲಸದ ಅರ್ಧ ಭಾಗವೇ ಆಗಿಬಿಡುತ್ತದೆ. ಓದಿಗೆ ಸಿಗುವ ಹೊತ್ತು ಮಾತ್ರ ಎಲ್ಲರಿಗೂ ಅಷ್ಟಕ್ಕಷ್ಟೇ. ಅದರಲ್ಲಿ ಒಂದು ಪಾಲನ್ನು ಬ್ಲಾಗುಗಳಿಗೆ ಮೀಸಲಿಡುವುದು ಸರಿಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರಗಳಿವೆ, ಎರಡರಲ್ಲೂ ನನಗೆ ನಂಬಿಕೆಯಿದೆ. ಒಂದರ ಖಾರವನ್ನು ಇನ್ನೊಂದರಿಂದ ತಗ್ಗಿಸಲು ಹೋಗದೆ ಎರಡನ್ನೂ ಬೇರೆ ಬೇರೆಯಾಗಿ, ಪೂರ್ತಿಯಾಗಿ ಮಂಡಿಸುತ್ತಿದ್ದೇನೆ.

ಪರ: ಬಲ್ಲವರ ಬಾಯಿಂದಲೇ ಕೇಳಬಹುದು

ಒಂದು ಕೆಲಸವನ್ನು ಆಳವಾಗಿ ಬಲ್ಲವರಲ್ಲಿ ಬಹುಪಾಲು ಜನ ಎಂದೂ ಪುಸ್ತಕ ಬರೆಯುವುದಿಲ್ಲ. ಅವರಿಗೆ ಪುರುಸೊತ್ತಿಲ್ಲ, ಪ್ರಕಾಶಕರ ಪರಿಚಯವಿಲ್ಲ, ತಮಗೆ ಗೊತ್ತಿರುವುದು ಪುಸ್ತಕವಾಗುವಷ್ಟು ದೊಡ್ಡದೆಂಬ ಭಾವನೆಯೂ ಇಲ್ಲ. 1999ರಲ್ಲಿ ಬ್ಲಾಗ್ ಬರೆಯುವ ಸಾಧನಗಳಾದ ಬ್ಲಾಗರ್ ಮತ್ತು ಲೈವ್‌ಜರ್ನಲ್, 2003ರಲ್ಲಿ ವರ್ಡ್‌ಪ್ರೆಸ್ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಅದಕ್ಕೆ ಮೊದಲು ಅಂತರಜಾಲದಲ್ಲಿ ಒಂದು ಪುಟ ಪ್ರಕಟಿಸಬೇಕೆಂದರೆ ಸಾಮಾನ್ಯವಾಗಿ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆ ಕಲಿತು, ಕಡತಗಳನ್ನು ಸರ್ವರ್‌ಗೆ ಏರಿಸುವ ವಿಧಾನವನ್ನೂ ತಿಳಿದಿರಬೇಕಿತ್ತು. ಆಮೇಲೆ ಖಾಲಿ ಚೌಕವೊಂದರಲ್ಲಿ ಟೈಪ್ ಮಾಡಿ ಗುಂಡಿ ಒತ್ತಿದರೆ ಸಾಕಾಯಿತು. ದಾದಿಯರು, ರೈಲು ಚಾಲಕರು, ಹಳೆಯ ಗಡಿಯಾರ ರಿಪೇರಿ ಮಾಡುವವರು, ಯಾರೂ ಬರೆಯಿರೆಂದು ಕೇಳದಿದ್ದ ಎಷ್ಟೋ ಜನ ಬರೆಯತೊಡಗಿದರು. ಹೀಗೆ ಬಂದದ್ದರಲ್ಲಿ ಹೆಚ್ಚಿನದು ಓದಿ ಮರೆಯುವಂಥದ್ದು ಎಂಬುದು ನಿಜ. ಉಳಿದ ಸ್ವಲ್ಪಕ್ಕೆ ಬದಲಿ ಬೇರೆಲ್ಲೂ ಇಲ್ಲ ಎಂಬುದೂ ಅಷ್ಟೇ ನಿಜ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. ಕಥೆಯೊಂದಕ್ಕೆ ಪುಸ್ತಕ ಬೈಂಡಿಂಗ್ ಮಾಡುವ ಪಾತ್ರ ಬೇಕೆಂದುಕೊಳ್ಳಿ. ವಿಶ್ವಕೋಶದಲ್ಲಿ ಹೊಲಿಗೆಯ ವಿಧಗಳು, ಅಂಟಿನ ಬಗೆಗಳು, ಇತಿಹಾಸದ ಘಟ್ಟಗಳು ಸಿಗುತ್ತವೆ. ದಿನವೂ ಆ ಕೆಲಸ ಮಾಡುವವರ ಬ್ಲಾಗಿನಲ್ಲಿ ಸಿಗುವ ತಿಳಿವಳಿಕೆಯೇ ಬೇರೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಯಂತ್ರ ಓಡಿದ ದಿಕ್ಕಿಗೇ ಮಲಗಿರುತ್ತವೆ. ತೇವ ತಾಗಿದಾಗ ನಾರು ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಆದ್ದರಿಂದ ನಾರಿನ ದಿಕ್ಕು ಪುಸ್ತಕದ ಬೆನ್ನಿನ ಉದ್ದಕ್ಕೇ ಹೊಂದಿಕೊಳ್ಳುವಂತೆ ಹಾಳೆ ಕತ್ತರಿಸಬೇಕು, ಇಲ್ಲದಿದ್ದರೆ ಅಂಟು ಹಿಡಿದಿಟ್ಟ ಕಡೆ ಹಾಳೆ ಹಿಗ್ಗಲಾರದೆ ಬೆನ್ನಿನ ಬುಡದಲ್ಲಿ ಅಲೆ ಅಲೆಯಾಗಿ ಸುಕ್ಕುಗಟ್ಟುತ್ತದೆ, ಪುಸ್ತಕ ಮೇಜಿನ ಮೇಲೆ ನೆಟ್ಟಗೆ ತೆರೆದುಕೊಳ್ಳುವುದಿಲ್ಲ. ಈ ದಿಕ್ಕನ್ನು ತಿಳಿಯಲು ಬೈಂಡರ್ ಹಾಳೆಯನ್ನು ಗೆರೆ ಬೀಳದಂತೆ ಸುಮ್ಮನೆ ಬಾಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಒಂದು ಕಡೆಗೆ ಅದು ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಬಾಗಿಸಿದರೆ ಅಂಗೈಯನ್ನು ಎದುರಿಸಿ ಪುಟಿಯುತ್ತದೆ. ಅನುಮಾನ ಉಳಿದರೆ ಅಂಚಿನ ಚೂರೊಂದನ್ನು ಒಂದು ಬದಿಯಲ್ಲಿ ಒದ್ದೆ ಮಾಡುತ್ತಾರೆ. ಅದು ನಾರಿನ ಉದ್ದಕ್ಕೆ ಕೊಳವೆಯಂತೆ ಸುರುಳಿಯಾಗುತ್ತದೆ. ನಿಯಮ ಕೈಪಿಡಿಗಳಲ್ಲೂ ಇರುತ್ತದೆ. ಆದರೆ ಒಳ್ಳೆಯ ಕಾಗದವನ್ನು ತಪ್ಪು ದಿಕ್ಕಿಗೆ ಕತ್ತರಿಸಿ ಹಾಳುಮಾಡಿಕೊಂಡ ದಿನದ ಸಂಕಟ, ಗಿರಾಕಿಗೆ ಅದನ್ನು ತಿಳಿಸುವಾಗ ಆಡಿದ ಮಾತು, ಇವೆಲ್ಲ ತನ್ನ ಕೆಲಸದ ಬಗ್ಗೆ ತಾನೇ ಬರೆದುಕೊಳ್ಳುವವರಿಂದ ಮಾತ್ರ ಸಿಗುವಂಥವು. ಪಾತ್ರಕ್ಕೆ ಜೀವ ಬರುವುದು ಅಲ್ಲಿಂದಲೇ.

ಇದಕ್ಕಿಂತ ತೂಕದ ಉದಾಹರಣೆ 2003ರ ಬಾಗ್ದಾದ್. ಇರಾಕಿನ ಮೇಲೆ ಯುದ್ಧ ಸನ್ನಿಹಿತವಾಗಿದ್ದಾಗಲೂ, ಅದು ಆರಂಭವಾದ ಮೇಲೂ, 'ಸಲಾಂ ಪಾಕ್ಸ್' ಎಂಬ ಗುಪ್ತನಾಮದ ತರುಣ ವಾಸ್ತುಶಿಲ್ಪಿಯೊಬ್ಬ ಆ ನಗರದ ಒಳಗಿಂದಲೇ ಬ್ಲಾಗ್ ಬರೆದ. ಪತ್ರಿಕೆಗಳು ಸೇನೆಗಳ ಚಲನವಲನ ಬರೆಯುತ್ತಿದ್ದಾಗ ಆತ ಮನೆಮಂದಿಯ ಸಿದ್ಧತೆಯನ್ನು, ಕಾಯುವಿಕೆಯ ಬೇಸರವನ್ನು, ಎರಡೂ ಪಕ್ಷಗಳ ಮೇಲಿನ ತನ್ನ ಸಿಟ್ಟನ್ನು ಬರೆದ. ಅಂಥ ವ್ಯಕ್ತಿ ನಿಜವಾಗಿಯೂ ಇದ್ದಾನೆಯೇ ಎಂದು ಸಂಶಯಪಟ್ಟವರು ಬಹಳ. ಕೊನೆಗೆ ಅಮೆರಿಕದ ಪತ್ರಕರ್ತರೊಬ್ಬರಿಗೆ, ಬಾಗ್ದಾದಿನಲ್ಲಿ ತಮಗೆ ದುಭಾಷಿಯಾಗಿ ಕೆಲಸ ಮಾಡಿದವನೇ ಆ ಬ್ಲಾಗಿನ ಲೇಖಕ ಎಂಬುದು ತಾವು ಅಲ್ಲಿಂದ ಮರಳಿದ ಮೇಲೆ ಹೊಳೆಯಿತು. ಪಕ್ಕದಲ್ಲೇ ಕುಳಿತು ಬೇರೆಯವರ ಮಾತುಗಳನ್ನು ಭಾಷಾಂತರಿಸಿಕೊಡುತ್ತಿದ್ದವನಿಗೆ ತನ್ನದೇ ಆದ ಮಾತು ಅಷ್ಟೊಂದಿದೆಯೆಂದು ವರದಿಗಾರನಿಗೇ ತಿಳಿದಿರಲಿಲ್ಲ. ಬ್ಲಾಗ್ ಎಂಬ ಪ್ರಕಾರವನ್ನು ಸಮರ್ಥಿಸಲು ನನಗೆ ಈ ಒಂದು ಪ್ರಸಂಗವೇ ಸಾಕೆನಿಸುತ್ತದೆ.

ಗಡುವಿಗೆ ಬರೆದು ಆ ಕೂಡಲೇ ಓದುಗರಿಗೆ ಒಪ್ಪಿಸುವ ಬರಹ ಕೀಳೆಂಬ ವಾದಕ್ಕೆ ಸಾಹಿತ್ಯದ ಚರಿತ್ರೆಯಲ್ಲಿ ಆಧಾರ ಕಡಿಮೆ. ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1750ರಿಂದ 1752ರವರೆಗೆ 'ರ‍್ಯಾಂಬ್ಲರ್' ಹೆಸರಿನಲ್ಲಿ ವಾರಕ್ಕೆ ಎರಡರಂತೆ 208 ಸಂಚಿಕೆಗಳನ್ನು ಹೊರತಂದರು; ಕೆಲವನ್ನು ಬಿಟ್ಟರೆ ಎಲ್ಲವೂ ಅವರೇ ಬರೆದ ಪ್ರಬಂಧಗಳು. ನೊಬೆಲ್ ಪುರಸ್ಕೃತ ಜೋಸೆ ಸರಮಾಗೋ 2008ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ಬ್ಲಾಗ್ ಬರೆಯಲು ತೊಡಗಿದರು. ಅದನ್ನು ಓದಿ ಹುರುಪುಗೊಂಡ ಅಮೆರಿಕದ ಕಾದಂಬರಿಕಾರ್ತಿ ಅರ್ಸುಲಾ ಲೆ ಗ್ವಿನ್ 80 ದಾಟಿದ ಮೇಲೆ, 2010ರಲ್ಲಿ, ತಮ್ಮದನ್ನು ಆರಂಭಿಸಿದರು. ಜೀವಮಾನವಿಡೀ ತಿದ್ದಿ ತೀಡಿ ಬರೆದ ಇಂಥವರಿಗೂ ಅಂದಂದಿನ ಯೋಚನೆಗೆ ಒಂದು ಜಾಗ ಬೇಕೆನಿಸಿತು. ಆ ಜಾಗದಲ್ಲಿ ಓದುಗರಿಗೆ, ಅದರಲ್ಲೂ ಬರೆಯಲು ಕಲಿಯುತ್ತಿರುವವರಿಗೆ, ಒಂದು ಮನಸ್ಸು ವಿಷಯದ ಸುತ್ತ ತಡವರಿಸುತ್ತ ಹೋಗಿ ಅದರ ನಡುವನ್ನು ಮುಟ್ಟುವ ಬಗೆ ಕಾಣಿಸುತ್ತದೆ. ಮುಗಿದ ಪುಸ್ತಕ ಆ ತಡವರಿಕೆಯನ್ನೆಲ್ಲ ಅಳಿಸಿಹಾಕಿರುತ್ತದೆ.

ಇನ್ನೊಂದು ಮಾತು. ಬ್ಲಾಗುಗಳನ್ನು ಆರ್‌ಎಸ್‌ಎಸ್ ಎಂಬ, ಹೊಸ ಬರಹಗಳನ್ನು ಒಂದೇ ಕಡೆಗೆ ತಂದುಕೊಡುವ ವ್ಯವಸ್ಥೆಯ ಮೂಲಕ ಓದುವವರಿಗೆ ತಾವು ಆರಿಸಿಕೊಂಡವರ ಬರಹ ಮಾತ್ರ, ಬರೆದ ಕ್ರಮದಲ್ಲಿ ಬರುತ್ತದೆ. ಏನನ್ನು ಓದಬೇಕೆಂದು ಯಾವ ಕಂಪನಿಯ ಲೆಕ್ಕಾಚಾರವೂ ನಡುವೆ ನಿಂತು ತೀರ್ಮಾನಿಸುವುದಿಲ್ಲ. ಇಂದಿನ ಪರದೆಯ ಓದಿನಲ್ಲಿ ಇಷ್ಟು ಸ್ವಾತಂತ್ರ್ಯ ಉಳಿದಿರುವ ಜಾಗಗಳು ವಿರಳ.

ವಿರೋಧ: ಓದಿನ ಅಭ್ಯಾಸವೇ ಕೆಡುತ್ತದೆ

ಒಳ್ಳೆಯ ಬ್ಲಾಗುಗಳಿವೆ ಎಂಬುದು ತಕರಾರಿಲ್ಲದ ಮಾತು. ಬೈಂಡರ್‌ನ ಅಂಗೈಯನ್ನು ಬಣ್ಣಿಸುವ ಬರಹ ಸಿಕ್ಕರೆ ಅದು ಭಾಗ್ಯವೇ. ಆದರೆ ಅಂಥ ಒಂದು ಸಿಗುವ ಮುನ್ನ ಓದಿದ್ದೆಷ್ಟು, ಆ ಓದು ನಮ್ಮನ್ನು ಏನು ಮಾಡಿತು ಎಂದು ಕೇಳಿಕೊಳ್ಳಬೇಕು. ಬರೆಯುವವರು ಮಾಹಿತಿಗಾಗಿ ಮಾತ್ರ ಓದುವುದಿಲ್ಲ. ಓದಿದ್ದರ ಲಯ ಅವರಿಗೆ ಅರಿವಿಲ್ಲದೆಯೇ ಕೈಗೆ ಇಳಿಯುತ್ತದೆ. ಒಂದೇ ಅವಸರದಲ್ಲಿ ಬರೆದ ಪುಟಗಳನ್ನು ತಿಂಗಳುಗಟ್ಟಲೆ ಓದಿದವರ ಗದ್ಯದಲ್ಲಿ ಆ ಅವಸರ ಕಾಣಿಸಿಕೊಳ್ಳುತ್ತದೆ. ಒಂದೇ ವಾಕ್ಯದ ಪ್ಯಾರಾಗಳು ಹೆಚ್ಚುತ್ತವೆ, ಪ್ರತಿ ವಿಷಯವೂ 'ನಾನು' ಎಂಬಲ್ಲಿಂದ ಶುರುವಾಗುತ್ತದೆ, ವಾದವೊಂದನ್ನು ಮೂರು ಪುಟಗಳ ತನಕ ಹೊತ್ತು ನಡೆಯುವ ಕಸುವು ಕುಂದುತ್ತದೆ. ಇದು ನಾನು ಕಾಳಜಿಯಿಂದಲೇ ಹೇಳುತ್ತಿರುವ ಮಾತು, ಏಕೆಂದರೆ ಒಮ್ಮೆ ಕಳೆದುಕೊಂಡ ದೀರ್ಘ ಉಸಿರನ್ನು ಮರಳಿ ಗಳಿಸುವುದು ಸುಲಭವಲ್ಲ.

ಬ್ಲಾಗಿನ ರಚನೆಯಲ್ಲೇ ಈ ಅವಸರವಿದೆ. ಅಲ್ಲಿ ಹೊಸತು ಮೇಲೆ, ಹಳೆಯದು ಕೆಳಗೆ. ಹೋದ ವರ್ಷದ ಅತ್ಯುತ್ತಮ ಬರಹದ ಮೇಲೆ ನಿನ್ನೆಯ ಸಾಧಾರಣ ಬರಹ ಕುಳಿತಿರುತ್ತದೆ, ಆ ಕ್ರಮವೇ ಬರೆದವರನ್ನು ಮುಂದಿನ ಬರಹದ ಕಡೆಗೆ ತಳ್ಳುತ್ತದೆ. ಜಾನ್ಸನ್ ಉದಾಹರಣೆಯನ್ನು ಪರವಾದಿಗಳು ಅರ್ಧಕ್ಕೇ ನಿಲ್ಲಿಸುತ್ತಾರೆ. ವಾರಕ್ಕೆ ಎರಡು ಬಾರಿ ಬರೆದ ಅದೇ ಪ್ರಬಂಧಗಳನ್ನು ಅವರು ಸಂಪುಟಗಳಾಗಿ ಮರುಮುದ್ರಿಸುವಾಗ ಮತ್ತೆ ಕೈಗೆತ್ತಿಕೊಂಡು ಬಹಳಷ್ಟು ತಿದ್ದಿದರು. ಪ್ರಬಂಧ ಪ್ರಕಾರದ ಮೂಲಪುರುಷ ಮೊಂಟೇನ್ 1580ರಲ್ಲಿ ತಮ್ಮ ಪುಸ್ತಕದ ಮೊದಲ ಆವೃತ್ತಿ ತಂದವರು, 1592ರಲ್ಲಿ ಸಾಯುವವರೆಗೂ ಅದನ್ನೇ ಬೆಳೆಸುತ್ತ ಹೋದರು. 1588ರ ಆವೃತ್ತಿಯ ಒಂದು ಪ್ರತಿಯ ಅಂಚುಗಳ ತುಂಬ ಅವರ ಕೈಬರಹದ ಸೇರ್ಪಡೆಗಳಿವೆ, ಆ ಪ್ರತಿ ಇಂದಿಗೂ ಬೋರ್ಡೋ ನಗರದಲ್ಲಿದೆ. ಬರೆಯಲು ಕಲಿಯುವವರು ನೋಡಬೇಕಾದದ್ದು ಆ ಅಂಚುಗಳನ್ನು. ತಡವರಿಕೆಯನ್ನು ತೋರಿಸುವ ಬರಹ ತಡವರಿಸುವುದನ್ನೇ ಕಲಿಸೀತು. ಅದರ ಮೇಲೆ ಎರಡನೆಯ, ಮೂರನೆಯ ಸಲ ಕೈಯಾಡಿಸುವುದನ್ನು ಕಲಿಸಲಾರದು.

ಪರದೆಯ ಮೇಲೆ ಕಣ್ಣು ಓಡುವ ರೀತಿಯೂ ಇದಕ್ಕೆ ಪೂರಕ. 2006ರಲ್ಲಿ ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಪ್ರಕಟಿಸಿದ ಅಧ್ಯಯನದಲ್ಲಿ 232 ಜನರ ನೋಟದ ಚಲನೆಯನ್ನು ದಾಖಲಿಸಿದಾಗ, ಅದು ಮುಖ್ಯವಾಗಿ ಇಂಗ್ಲಿಷಿನ 'ಎಫ್' ಅಕ್ಷರದ ಆಕಾರದಲ್ಲಿತ್ತು: ಮೇಲೆ ಒಂದು ಅಡ್ಡ ಓಟ, ಅದರ ಕೆಳಗೆ ಇನ್ನೊಂದು ಗಿಡ್ಡ ಓಟ, ಆಮೇಲೆ ಎಡಬದಿಯಲ್ಲಿ ಕೆಳಕ್ಕೆ ಜಾರುವಿಕೆ. ವಾಕ್ಯದ ಕೊನೆಯಲ್ಲಿ ಕ್ರಿಯಾಪದವಿಟ್ಟು ಅರ್ಥ ಮುಗಿಸುವ ಕನ್ನಡದಂಥ ಭಾಷೆಯನ್ನು ಹಾಗೆ ಎಡಬದಿಯಿಂದಷ್ಟೇ ಓದಿದರೆ ಕೈಗೆ ಏನೂ ಹತ್ತುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ನಂಬಿಕೆಯ ಪ್ರಶ್ನೆ. ಬಾಗ್ದಾದಿನ ಬ್ಲಾಗಿಗ ನಿಜವಾದ ವ್ಯಕ್ತಿಯೆಂದು ಸಾಬೀತಾಯಿತು, ಸರಿ. 2011ರಲ್ಲಿ ಸಿರಿಯಾದ ಬಂಡಾಯದ ಹೊತ್ತಿಗೆ ಡಮಾಸ್ಕಸ್‌ನಿಂದ ಬರೆಯುತ್ತಿದ್ದ ಸಲಿಂಗಪ್ರೇಮಿ ಯುವತಿಯ ಬ್ಲಾಗನ್ನೂ ಜಗತ್ತು ಇದೇ ಬಗೆಯ ನಂಬಿಕೆಯಿಂದ ಓದಿತು. ಜೂನ್‌ನಲ್ಲಿ ಅವಳನ್ನು ಶಸ್ತ್ರಧಾರಿಗಳು ಅಪಹರಿಸಿದರೆಂದು ಅವಳ ಸೋದರಸಂಬಂಧಿಯ ಹೆಸರಿನಲ್ಲಿ ಅದೇ ಬ್ಲಾಗಿನಲ್ಲಿ ಪ್ರಕಟವಾದಾಗ, ಬಿಡುಗಡೆಗಾಗಿ ಹಲವು ದೇಶಗಳಲ್ಲಿ ದನಿಯೆದ್ದಿತು. ಕೆಲವೇ ದಿನಗಳಲ್ಲಿ ತಿಳಿದದ್ದೇನೆಂದರೆ, ಅಂಥ ಯುವತಿಯೇ ಇರಲಿಲ್ಲ. ಬರೆಯುತ್ತಿದ್ದಾತ ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದ 40 ವರ್ಷದ ಅಮೆರಿಕನ್ ಗಂಡಸು, ಅವಳದೆಂದು ಹಾಕಿದ್ದ ಭಾವಚಿತ್ರ ಲಂಡನ್ನಿನಲ್ಲಿ ವಾಸವಾಗಿದ್ದ ಬೇರೊಬ್ಬ ಮಹಿಳೆಯದು. ಸಿರಿಯಾದ ಒಳಗೆ ನಿಜವಾಗಿಯೂ ಪ್ರಾಣ ಒತ್ತೆಯಿಟ್ಟು ಬರೆಯುತ್ತಿದ್ದವರ ಮಾತಿಗೂ ಇದರಿಂದ ಬೆಲೆ ಕುಂದಿತು. ಪರವಾದಿಗಳು ಮೆಚ್ಚುವ ಸಮೀಪದ ವಿವರ, ಮನೆಯೊಳಗಿನ ಮಾತು, ಖಾಸಗಿ ದನಿ ಎಲ್ಲವೂ ಅಲ್ಲಿದ್ದವು. ಕಲ್ಪನೆಯಿಂದ ಅವನ್ನು ಹುಟ್ಟಿಸಬಹುದೆಂದು ಕಥೆಗಾರರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಪುಸ್ತಕಗಳಲ್ಲೂ ಮೋಸ ನಡೆದಿದೆ. ಆದರೆ ಅಲ್ಲಿ ಸಂಪಾದಕರೊಬ್ಬರು, ಪ್ರಕಾಶಕರೊಬ್ಬರು ಹೆಸರು ಹಾಕಿ ನಿಂತಿರುತ್ತಾರೆ, ಮೋಸ ಬಯಲಾದಾಗ ಅವರನ್ನು ಕೇಳಬಹುದು.

ಕೊನೆಯದಾಗಿ, ಬರೆಯುವವರ ಓದು ಎಂದರೆ ಮರುಓದು. ಇಪ್ಪತ್ತರಲ್ಲಿ ಓದಿದ ಅಧ್ಯಾಯವನ್ನು ನಲವತ್ತರಲ್ಲಿ ತೆರೆದಾಗ ಅದು ಅಲ್ಲಿಯೇ ಇರಬೇಕು. ಯಾಹೂ 2009ರಲ್ಲಿ ಜಿಯೋಸಿಟೀಸ್ ತಾಣವನ್ನು ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಇದ್ದ ಜಾಗದಿಂದ ಮರೆಯಾದವು. 2013ರ ಜುಲೈ 1ರಂದು ಗೂಗಲ್ ರೀಡರ್ ನಿಂತಿತು. ಆರ್‌ಎಸ್‌ಎಸ್ ಓದುಗರಲ್ಲಿ ಎಷ್ಟೋ ಜನ ತಮ್ಮ ಆಯ್ಕೆಯ ಬ್ಲಾಗುಗಳನ್ನು ಅದರ ಮೂಲಕವೇ ಓದುತ್ತಿದ್ದರು. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ. ಇಂಟರ್‌ನೆಟ್ ಆರ್ಕೈವ್ 1996ರಿಂದ ಪುಟಗಳನ್ನು ಉಳಿಸುತ್ತ ಬಂದಿರುವುದು ದೊಡ್ಡ ಉಪಕಾರ, ಆದರೆ ಎಲ್ಲ ಪುಟಗಳೂ ಅಲ್ಲಿಗೆ ಸೇರುವುದಿಲ್ಲ, ಸೇರಿದವುಗಳಲ್ಲೂ ಎಷ್ಟೋ ಸಲ ಚಿತ್ರಗಳಿರುವುದಿಲ್ಲ. ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡ ಕೊಂಡಿ ತೆರೆಯದಿದ್ದರೆ ನೆನಪಿನಿಂದಲೇ ಉಲ್ಲೇಖಿಸಬೇಕಾಗುತ್ತದೆ, ಆ ನೆನಪು ತಪ್ಪಿದ್ದರೆ ಹೋಲಿಸಿ ತಿದ್ದಿಕೊಳ್ಳಲು ಮೂಲವೇ ಇರುವುದಿಲ್ಲ.